ಡಯಾಲಿಸಿಸ್ ಕೋಣೆಯಿಂದ ಕೇಬಲ್ ತೆಗೆದ ಮೇಲೆ

ಕೇಬಲ್‌ನವನು ಬಂದು ನಮ್ಮ ಡಯಾಲಿಸಿಸ್ ಕೋಣೆಯ ಟಿ.ವಿ.ಯ ಕೆಳಗಿದ್ದ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಹೋದದ್ದು ಒಂದು ಸೋಮವಾರ. ಬೆಳಗಿನ ರೋಗಿಗಳು ಎದ್ದುಹೋಗಿ, ಮಧ್ಯಾಹ್ನದ ಎಂಟು ಮಂದಿ ತೂಕ ನೋಡಿಸಿಕೊಳ್ಳಲು ಸಾಲಾಗಿ ನಿಂತಿದ್ದ ಹೊತ್ತು. ಅವನು ವೈರು ಸುತ್ತುವುದನ್ನು ಎಲ್ಲರೂ ನೋಡಿದರು.

ನಾಶಿಕ್‌ನ ಆ ಕೇಂದ್ರದಲ್ಲಿ ನಾನು ಹಿರಿಯ ಡಯಾಲಿಸಿಸ್ ತಂತ್ರಜ್ಞೆ. ನಡೆಸುತ್ತಿದ್ದುದು ಒಂದು ಧರ್ಮಾರ್ಥ ಟ್ರಸ್ಟು. ಅದರ ಕಚೇರಿ ಮತ್ತು ಇನ್ನೊಂದು ಕೇಂದ್ರ ಇದ್ದದ್ದು ಆಗ ಔರಂಗಾಬಾದ್ ಎನ್ನುತ್ತಿದ್ದ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ. ಆ ವರ್ಷ ಚಾನೆಲ್‌ಗಳನ್ನು ಒಂದೊಂದಾಗಿ ಆರಿಸಿ, ಒಂದೊಂದಕ್ಕೂ ದುಡ್ಡು ಕಟ್ಟುವ ಹೊಸ ಪದ್ಧತಿ ಬಂದಿತ್ತು. ಕಾಯುವ ಕೋಣೆ, ರೋಗಿಗಳ ಜೊತೆಗೆ ಬಂದವರ ಊಟದ ಕೋಣೆ ಎಲ್ಲ ಸೇರಿ ಎರಡೂ ಊರುಗಳಲ್ಲಿ ಹದಿನಾಲ್ಕು ಪೆಟ್ಟಿಗೆಗಳಿದ್ದವು. ಕೇಬಲ್ ಬಿಲ್ಲು ಏರಿತು. ಟ್ರಸ್ಟಿನ ವ್ಯವಸ್ಥಾಪಕರು ಕೆಟ್ಟ ಮನುಷ್ಯರಲ್ಲ. "ಇದೇ ಹಣದಲ್ಲಿ ತಿಂಗಳಿಗೆ ಕೆಲವು ಡಯಾಲಿಸಿಸ್ ಉಚಿತವಾಗಿ ಮಾಡಬಹುದಲ್ಲ" ಎಂದು ಫೋನಿನಲ್ಲಿ ಕೇಳಿದಾಗ ನಾನೂ ಒಪ್ಪಿದೆ. ಅಷ್ಟರಲ್ಲಿ ಇಂಟರ್‌ನೆಟ್ ಅಗ್ಗವಾಗಿತ್ತು. ದಾನಿಯೊಬ್ಬರು ಎಂಟು ಟ್ಯಾಬ್ಲೆಟ್ ಕೊಟ್ಟರು. ಹಾಸಿಗೆಗೊಂದು ಟ್ಯಾಬ್ಲೆಟ್, ಎಲ್ಲಕ್ಕೂ ಸೇರಿ ಒಂದು ಬ್ರಾಡ್‌ಬ್ಯಾಂಡ್, ಎರಡು ಸ್ಟ್ರೀಮಿಂಗ್ ಖಾತೆ: ಇದು ಯೋಜನೆ. ನಾಶಿಕ್‌ನಲ್ಲಿ ಮೊದಲು ಮಾಡಿ ನೋಡುವುದು, ಸರಿಹೋದರೆ ಔರಂಗಾಬಾದಿಗೂ ಹಾಕುವುದು. ಕೆಲಸ ನನ್ನ ತಲೆಗೆ ಬಿತ್ತು.

ಡಯಾಲಿಸಿಸ್ ಎಂದರೆ ನಾಲ್ಕು ತಾಸು ಮಲಗುವುದು. ಒಂದು ತೋಳಿನಲ್ಲಿ ಎರಡು ದಪ್ಪ ಸೂಜಿ ಇರುತ್ತವೆ. ಒಂದರಿಂದ ರಕ್ತ ಯಂತ್ರಕ್ಕೆ ಹೋಗುತ್ತದೆ, ಇನ್ನೊಂದರಿಂದ ಶುದ್ಧವಾಗಿ, ಮೈಯ ಹೆಚ್ಚಿನ ನೀರನ್ನೂ ಕಳೆದುಕೊಂಡು ಮರಳುತ್ತದೆ. ಆ ತೋಳು ಅಲ್ಲಾಡಬಾರದು. ಹಾಗಾಗಿ ಟ್ಯಾಬ್ಲೆಟ್ಟನ್ನು ಸೂಜಿ ಇಲ್ಲದ ಕೈಯ ಕಡೆಗೇ ಕಟ್ಟಬೇಕಿತ್ತು. ಯಾರಿಗೆ ಎಡ, ಯಾರಿಗೆ ಬಲ ಎಂದು ಪಟ್ಟಿ ಮಾಡಿ, ಎರಡೂ ಬದಿಗೆ ತಿರುಗುವ ಹಿಡಿಕೆಗಳನ್ನು ಗೋಡೆಗೆ ಹೊಡೆಸಿದೆ. ರೋಗಿ ಯಂತ್ರಕ್ಕೆ ಜೋಡಿಯಾಗಿರುವಾಗ ಚಾರ್ಜರ್ ಹಾಕಬಾರದು ಎಂದು ನಿಯಮ ಮಾಡಿದೆ. ಒಬ್ಬರ ಇಯರ್‌ಫೋನ್ ಇನ್ನೊಬ್ಬರು ಬಳಸದಂತೆ ಹೆಸರು ಬರೆದ ಚೀಲಗಳನ್ನು ಹೊಲಿಸಿದೆ. ಪ್ರತಿ ಪಾಳಿ ಮುಗಿದ ಮೇಲೆ ಪರದೆಗಳನ್ನು ಸ್ಪಿರಿಟ್‌ನಲ್ಲಿ ಒರೆಸುವುದು ನರ್ಸ್‌ನ ಕೆಲಸಕ್ಕೆ ಸೇರಿತು.

ಮೊದಲ ದಿನವೇ ತೊಡಕು. ಮೂರನೆಯ ಹಾಸಿಗೆಯವರು ಶುರುಮಾಡಿದ ಕೂಡಲೇ ಒಂದನೆಯ ಹಾಸಿಗೆಯದು ನಿಂತಿತು. ಒಂದು ಖಾತೆಯಲ್ಲಿ ಒಮ್ಮೆಗೆ ಇಷ್ಟೇ ಪರದೆ ಎಂಬ ಮಿತಿ ನಮಗೆ ಗೊತ್ತಿರಲಿಲ್ಲ. ಉಳಿದವರಿಗೆ ಜಾಹೀರಾತು ತೋರಿಸುವ ಉಚಿತ ಆ್ಯಪ್‌ಗಳನ್ನು ಹಾಕಿದೆ. ನೀರು ಶುದ್ಧಮಾಡುವ ಯಂತ್ರದ ಕೋಣೆಯ ಗೋಡೆ ದಪ್ಪ; ಅದರ ಆಚೆಗಿದ್ದ ಏಳು, ಎಂಟನೆಯ ಹಾಸಿಗೆಗಳಿಗೆ ಸಿಗ್ನಲ್ ಸರಿಯಾಗಿ ಬರಲಿಲ್ಲ. ರೂಟರನ್ನು ಕೋಣೆಯ ನಡುವಿನ ಕಂಬಕ್ಕೆ ಏರಿಸಿದೆ. ಇಯರ್‌ಫೋನ್ ವೈರು ರಕ್ತದ ನಳಿಕೆಗೆ ಸುತ್ತಿಕೊಂಡಿದ್ದನ್ನು ಒಮ್ಮೆ ಕಂಡು ನನ್ನ ಜೀವ ಹಾರಿತು. ಅಂದಿನಿಂದ ವೈರನ್ನು ಭುಜದ ಮೇಲಿಂದ ತಂದು ದಿಂಬಿಗೆ ಟೇಪು ಹಚ್ಚತೊಡಗಿದೆವು.

ಎರಡನೆಯ ವಾರಕ್ಕೆ ಎಲ್ಲ ಹಿಡಿತಕ್ಕೆ ಬಂತು. ಅದಕ್ಕಿಂತ ಹೆಚ್ಚಾಗಿ, ಕೋಣೆ ಶಾಂತವಾಯಿತು.

ಆ ಶಾಂತಿಯ ಬೆಲೆ ತಿಳಿಯಬೇಕಾದರೆ ಹಿಂದೆ ಹೇಗಿತ್ತು ಎಂದು ಹೇಳಬೇಕು. ಸೋಮವಾರ, ಗುರುವಾರ ಮಧ್ಯಾಹ್ನದ ತಂಡದಲ್ಲಿ ಇಬ್ಬರು ಜಗಳಗಂಟರಿದ್ದರು. ಒಬ್ಬರು ಲಾಸಲಗಾಂವ್‌ನ ಈರುಳ್ಳಿ ಮಾರುಕಟ್ಟೆಯಲ್ಲಿ ಮೂವತ್ತು ವರ್ಷ ಚೀಲ ಹೊತ್ತ ಹಮಾಲ. ಮೂಲತಃ ಗಡಿಯ ಜತ್ ತಾಲೂಕಿನವರಾದ್ದರಿಂದ ನನ್ನಂಥ ಕನ್ನಡದವರೊಡನೆ ಕನ್ನಡ, ಉಳಿದವರೊಡನೆ ಮರಾಠಿ. ಎಲ್ಲರಿಗೂ ಅವರು ಕಾಕಾ. ಇನ್ನೊಬ್ಬರು ದಿಂಡೋರಿಯ ನಿವೃತ್ತ ಶಿಕ್ಷಕಿ. ಮರಾಠಿ ಶಾಲೆಗಳಲ್ಲಿ ಶಿಕ್ಷಕಿಯನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಬಾಯಿ ಎನ್ನುತ್ತಿದ್ದರು. ಕಾಕಾನಿಗೆ ಧಾರಾವಾಹಿಯ ಮರುಪ್ರಸಾರ ಬೇಕು, ಬಾಯಿಗೆ ವಾರ್ತೆ ಬೇಕು. ರಿಮೋಟು ಹಾಸಿಗೆಯಿಂದ ಹಾಸಿಗೆಗೆ ಹೋಗುತ್ತ, ಜೊತೆಗೆ ಒಂದೊಂದು ಮಾತೂ ಹಾರುತ್ತಿತ್ತು. ನಾಲ್ಕು ತಾಸು ಅದೇ ಗದ್ದಲ. ಈಗ ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ತಮ್ಮ ತಮ್ಮ ಪರದೆ ನೋಡುತ್ತ ಮಲಗಿದ್ದರು. ನನಗೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು. ಮೊದಲ ವರದಿಯಲ್ಲಿ ನಾನೇ 'ವಾರ್ಡು ಶಾಂತವಾಗಿದೆ, ಕೆಲಸಕ್ಕೆ ಅನುಕೂಲ' ಎಂದು ಬರೆದು ಔರಂಗಾಬಾದಿಗೆ ಕಳಿಸಿದೆ.

ಈ ಬದಲಾವಣೆಯಿಂದ ನಿಜಕ್ಕೂ ಸುಖಪಟ್ಟವಳು ಆರನೆಯ ಹಾಸಿಗೆಯ ಹೆಂಗಸು. ಯಾದಗಿರಿ ಕಡೆಯವಳು, ಮೂವತ್ತರ ಆಸುಪಾಸು. ಗಂಡ ಗೌಂಡಿ ಕೆಲಸದವನು, ಗಂಗಾಪುರ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದ ಬುಡದಲ್ಲೇ ತಗಡಿನ ಮನೆ. ಮರಾಠಿ ಬಾರದು. ಇಡೀ ಕೋಣೆ ಟಿ.ವಿ. ನೋಡಿ ನಗುವಾಗ ಅವಳು ಗೋಡೆಯ ಕಡೆ ಮುಖಮಾಡಿ ಮಲಗಿರುತ್ತಿದ್ದಳು. ಟ್ಯಾಬ್ಲೆಟ್ಟಿನಲ್ಲಿ ಒಂದು ಕನ್ನಡ ಧಾರಾವಾಹಿ ಹುಡುಕಿ, ಮೊದಲ ಕಂತಿನಿಂದ ಹಚ್ಚಿಕೊಟ್ಟ ದಿನ ಅವಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾರ, ಇದು ನಮ್ಮ ಮಾತ ಅದ ಅಲ್ರಿ! ಇಲ್ಲಿ ತನಕ ಹ್ಯಾಂಗ ಬಂತ್ರಿ?"

ಅಲ್ಲಿಂದ ಅವಳು ನಾಲ್ಕು ತಾಸೂ ಅದನ್ನೇ ನೋಡುತ್ತಿದ್ದಳು. ಅವಳಿಗೆ ಒಂದೇ ಅಡಚಣೆ. ಬಹಳ ಹೊತ್ತು ಯಾರೂ ಪರದೆ ಮುಟ್ಟದಿದ್ದರೆ ಆ ಆ್ಯಪ್ ತಾನೇ ನಿಂತು, 'ಇನ್ನೂ ನೋಡುತ್ತಿದ್ದೀರಾ?' ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ಅವಳಿಗೆ ಓದಲು ಬಾರದು. ಏನಾದರೂ ಒತ್ತಿ ಕೆಡಿಸಿಬಿಟ್ಟರೆ ಎಂಬ ಭಯ. ಬಲಗೈ ಎತ್ತುತ್ತಿದ್ದಳು. ನಾನು ಹೋಗಿ ಒತ್ತಿ ಬರುತ್ತಿದ್ದೆ.

ಮೂರನೆಯ ವಾರದ ಗುರುವಾರ ಅವಳು ಬಂದಾಗ ಮೈಯಲ್ಲಿ ನೀರು ಹೆಚ್ಚಿತ್ತು. ಕಳೆದ ಸಲ ಎದ್ದುಹೋದಾಗಿನ ತೂಕಕ್ಕಿಂತ ಮೂರೂವರೆ ಕಿಲೋ ಜಾಸ್ತಿ.

"ಮದುವಿ ಊಟ ಇತ್ತೇನವ್ವ?" ಎಂದೆ.

"ಬಾಜೂ ಮನ್ಯಾಗ ಕೂಸಿನ ಕೂದ್ಲ ತಗಸೋ ಜಾವಳ ಇತ್ರಿ. ಉಪ್ಪಿನಕಾಯಿ ತಿಂದೆ, ಆಮ್ಯಾಲ ನೀರಡಿಕಿ" ಎಂದು ತಲೆ ತಗ್ಗಿಸಿದಳು.

ನಾಲ್ಕು ತಾಸಿನಲ್ಲಿ ಅಷ್ಟು ನೀರು ತೆಗೆದರೆ ರಕ್ತದೊತ್ತಡ ಕುಸಿಯುವ ಸಾಧ್ಯತೆ ಇರುತ್ತದೆ. ಡಾಕ್ಟರನ್ನು ಕೇಳಿ, ಸ್ವಲ್ಪ ಕಡಿಮೆ ತೆಗೆಯುವುದೆಂದು ಯಂತ್ರಕ್ಕೆ ಹೊಂದಿಸಿದೆ. ನಮ್ಮ ಯಂತ್ರಗಳು ಹಳೆಯವು. ನಳಿಕೆಯಲ್ಲಿ ಗಾಳಿ ಬಂದರೆ, ರಕ್ತ ಕಟ್ಟಿಕೊಂಡರೆ ಅವು ಕೂಗುತ್ತವೆ. ಆದರೆ ರಕ್ತದೊತ್ತಡ ಅವಕ್ಕೆ ತಿಳಿಯುವುದಿಲ್ಲ. ತಾಸಿಗೊಮ್ಮೆ ನಾವೇ ಪಟ್ಟಿ ಕಟ್ಟಿ ಅಳೆಯಬೇಕು. ಎರಡನೆಯ ತಾಸಿನಲ್ಲಿ ಅಳೆದಾಗ ಸರಿಯಾಗಿತ್ತು.

ಆಮೇಲೆ ಎರಡನೆಯ ಹಾಸಿಗೆಯ ಟ್ಯಾಬ್ಲೆಟ್ಟು ಪಾಸ್‌ವರ್ಡ್ ಕೇಳಿ ಕುಳಿತುಬಿಟ್ಟಿತು. ನರ್ಸ್ ಸಾಮಾನು ತರಲು ಪಕ್ಕದ ಉಗ್ರಾಣಕ್ಕೆ ಹೋಗಿದ್ದಳು. ನಾನು ನಿಂತುಕೊಂಡೇ ಪಾಸ್‌ವರ್ಡ್ ಹಾಕಿದೆ, ತಪ್ಪು ಎಂದಿತು. ಮತ್ತೆ ಹಾಕಿದೆ. ನನ್ನ ಫೋನಿಗೆ ಬಂದ ಅಂಕಿಗಳನ್ನು ನೋಡಿ ತುಂಬಿದೆ. ಅರ್ಧ ತಾಸಿಗೂ ಹೆಚ್ಚು ಹೋಯಿತು. ನಡುವೆ ಎರಡು ಬಾರಿ ಕೋಣೆಯ ಉದ್ದಕ್ಕೂ ಓಡಾಡಿದೆ. ಆರನೆಯ ಹಾಸಿಗೆಯಲ್ಲಿ ಅವಳು ಪರದೆಯ ಕಡೆ ಮುಖಮಾಡಿ ಮಲಗಿದ್ದಳು. ನೋಡುತ್ತಿದ್ದಾಳೆ ಎಂದುಕೊಂಡೆ.

ಮೂರನೆಯ ಬಾರಿ ಹೋಗುವಾಗ ಅವಳ ಪರದೆಯ ಮೇಲೆ ಆ ಪ್ರಶ್ನೆ ನಿಂತಿತ್ತು. ಇನ್ನೂ ನೋಡುತ್ತಿದ್ದೀರಾ? ಅವಳ ಬಲಗೈ ಎದ್ದಿರಲಿಲ್ಲ.

ಹಣೆ ಮುಟ್ಟಿದೆ. ತಣ್ಣಗೆ, ಒದ್ದೆ. ಹೆಸರು ಹಿಡಿದು ಕರೆದೆ, ಉತ್ತರವಿಲ್ಲ. ಇಯರ್‌ಫೋನ್ ಕಿತ್ತೆಸೆದು ಮತ್ತೆ ಕರೆದೆ. ಹಾಸಿಗೆಯ ತಲೆಭಾಗ ಇಳಿಸಿ ಕಾಲುಭಾಗ ಎತ್ತಿದೆ, ನೀರು ತೆಗೆಯುವುದನ್ನು ನಿಲ್ಲಿಸಿದೆ, ರಕ್ತದ ವೇಗ ಇಳಿಸಿದೆ, ಸಲೈನ್ ಬಿಟ್ಟೆ. ನರ್ಸ್ ಓಡಿಬಂದು ಬಿ.ಪಿ. ಪಟ್ಟಿ ಕಟ್ಟಿದಳು. ಮೇಲಿನ ಅಂಕಿ ಎಪ್ಪತ್ತು ಎಂದಳು. ಕೆಳಗಿನದು ಕೇಳಿಸುತ್ತಿಲ್ಲ ಎಂದಳು. ಡಾಕ್ಟರು ಬರುವಷ್ಟರಲ್ಲಿ ನಾಡಿ ಸ್ವಲ್ಪ ತುಂಬಿತ್ತು. ಅವಳು ಕಣ್ಣು ತೆರೆಯಲು ಹಿಡಿದ ಆ ಕೆಲವು ನಿಮಿಷಗಳನ್ನು ನಾನು ಇಲ್ಲಿ ಬರೆಯಲಾರೆ. ಅಷ್ಟೂ ಹೊತ್ತು ಉಳಿದ ಏಳು ಹಾಸಿಗೆಗಳಲ್ಲಿ ಯಾರಿಗೂ ಏನೂ ತಿಳಿದಿರಲಿಲ್ಲ. ಪಕ್ಕದ ಐದನೆಯ ಹಾಸಿಗೆಯಲ್ಲೇ ಇದ್ದ ಕಾಕಾ ತಮ್ಮ ಪರದೆ ನೋಡಿ ನಗುತ್ತಿದ್ದರು.

ಸಂಜೆ ಅವಳು ಚೇತರಿಸಿಕೊಂಡು ಕುಳಿತ ಮೇಲೆ ಕೇಳಿದೆ, "ನಿನಗ ಮೊದ್ಲ ಏನೂ ಗೊತ್ತಾಗ್ಲಿಲ್ಲೇನು?"

"ಗೊತ್ತಾತ್ರಿ ಅಕ್ಕಾರ. ಕಣ್ಣು ಮಂಜ ಆತು, ಆಕಳಿಕಿ ಬರ್ಲಾಕತ್ತು. ನೀವು ಆ ಕಡಿ ಕೆಲಸದಾಗ ಇದ್ರಿ. ಬಾಜೂದವ್ರಿಗೆ ಹೇಳಬೇಕಂದ್ರ ಎಲ್ಲಾರೂ ಕಿವ್ಯಾಗ ಹಾಕ್ಕೊಂಡಿದ್ರು. ಇಷ್ಟು ಶಾಂತ ಇರೋವಾಗ ಒದರೋದು ಚೊಲೋ ಅಲ್ಲ ಅನ್ನಿಸ್ತರಿ."

ಮನೆಗೆ ಹೋಗುವ ಮುನ್ನ ಕಳೆದ ಎರಡು ತಿಂಗಳ ರೋಗಿಗಳ ಹಾಳೆಗಳನ್ನು ತೆಗೆದು ಕುಳಿತೆ. ಬಿ.ಪಿ. ಕುಸಿದಾಗಲೆಲ್ಲ ಅದು ಹೇಗೆ ಗೊತ್ತಾಯಿತು ಎಂದು ಒಂದು ಸಾಲು ಬರೆಯುವುದು ನಮ್ಮ ಪದ್ಧತಿ. ಕೇಬಲ್ ಇದ್ದಾಗಿನ ಹಾಳೆಗಳಲ್ಲಿ 'ರೋಗಿ ಹೇಳಿದರು', 'ಪಕ್ಕದವರು ಕರೆದರು' ಎಂಬ ಸಾಲುಗಳೇ ಹೆಚ್ಚು. ಒಂದರಲ್ಲಿ ನನ್ನದೇ ಅಕ್ಷರದಲ್ಲಿ ಹೀಗಿತ್ತು: 'ಬಾಯಿ ರಿಮೋಟ್ ಕೇಳಲಿಲ್ಲವೆಂದು ಹೋಗಿ ನೋಡಿದೆ.' ಆಗ ಬರೆದು ನಕ್ಕಿರಬೇಕು. ಕೇಬಲ್ ತೆಗೆದ ಮೇಲಿನ ಹಾಳೆಗಳಲ್ಲಿ ಬಹುಮಟ್ಟಿಗೆ ಒಂದೇ ಸಾಲು: 'ಅಳೆದಾಗ ಕಂಡಿತು.' ಅಂದರೆ ಅಳೆಯುವ ತನಕ ಕಾಣಲಿಲ್ಲ. ವರ್ಷಗಟ್ಟಲೆ ನನಗೆ ತಲೆನೋವು ಎನಿಸಿದ್ದ ಆ ಗದ್ದಲವನ್ನೇ ನಾನು ಅರಿವಿಲ್ಲದೆ ಕಿವಿಗೊಟ್ಟು ಕೇಳುತ್ತಿದ್ದೆ. ಯಾರ ದನಿ ಇಳಿಯಿತು, ಯಾರು ಜಗಳ ಬಿಟ್ಟರು ಎಂಬುದರಿಂದಲೇ ಯಾರ ಬಳಿಗೆ ಮೊದಲು ಹೋಗಬೇಕೆಂದು ನಿರ್ಧಾರವಾಗುತ್ತಿತ್ತು.

ಮುಂದಿನ ಶನಿವಾರ ಬೆಳಗಿನ ಬಸ್ಸು ಹಿಡಿದು, ಯೇವಲಾ, ವೈಜಾಪುರ ದಾಟಿ ಔರಂಗಾಬಾದಿನ ಕಚೇರಿಗೆ ಹೋದೆ. ಹಾಳೆಗಳ ನಕಲುಗಳು ನನ್ನ ಚೀಲದಲ್ಲಿದ್ದವು. ಮಾತು ಮರಾಠಿಯಲ್ಲಿ ನಡೆಯಿತು. ವ್ಯವಸ್ಥಾಪಕರು ಒಂದೊಂದು ಹಾಳೆಯನ್ನೂ ಓದಿದರು. ಆಮೇಲೆ ತಮ್ಮ ಫೈಲಿನಿಂದ ನನ್ನ ಮೊದಲ ವರದಿ ತೆಗೆದು ಮೇಜಿನ ಮೇಲಿಟ್ಟು ಒಂದು ಸಾಲಿನ ಕೆಳಗೆ ಬೆರಳಿಟ್ಟರು.

"ವಾರ್ಡು ಶಾಂತವಾಗಿದೆ. ಇದು ನೀವೇ ಬರೆದದ್ದಲ್ಲವೇ?"

"ಹೌದು, ನಾನೇ ಬರೆದದ್ದು. ತಪ್ಪು ತಿಳಿದು ಬರೆದೆ."

"ಹಾಗಾದರೆ ಮತ್ತೆ ಕೇಬಲ್ ಹಾಕಿಸಬೇಕೇ?"

ಬಸ್ಸಿನಲ್ಲಿ ಇಡೀ ದಾರಿ ಅದನ್ನೇ ಯೋಚಿಸಿದ್ದೆ. ಕೇಬಲ್ ಬೇಡ ಎಂದೆ. ತಪ್ಪಿರುವುದು ಸ್ಟ್ರೀಮಿಂಗ್‌ನಲ್ಲಲ್ಲ, ಎಂಟು ಪರದೆಯಲ್ಲಿ ಮತ್ತು ಇಯರ್‌ಫೋನಿನಲ್ಲಿ. ಗೋಡೆಯ ಮೇಲೆ ಹಳೆಯ ಟಿ.ವಿ. ಇದ್ದೇ ಇದೆ, ಅದಕ್ಕೆ ಸಿಕ್ಕಿಸುವ ಒಂದು ಸಣ್ಣ ಇಂಟರ್‌ನೆಟ್ ಸ್ಟಿಕ್ ಸಾಕು. ಒಂದೇ ಪರದೆ, ಎಲ್ಲರಿಗೂ ಕೇಳುವ ದನಿ. ಅರ್ಧ ತಾಸಿಗೊಬ್ಬರ ಪಾಳಿ, ಅವರು ಹೇಳಿದ್ದು ಹಚ್ಚುವುದು. ಪಾಳಿ ಬದಲಾದಾಗಲೆಲ್ಲ ನಾನು, ನರ್ಸ್ ಎಂಟೂ ಹಾಸಿಗೆ ಸುತ್ತಿ ಬಿ.ಪಿ. ನೋಡುವುದು. ತಾಸಿಗೊಮ್ಮೆ ಇದ್ದದ್ದು ಅರ್ಧ ತಾಸಿಗೊಮ್ಮೆ ಆಗುತ್ತದೆ. ಖರ್ಚೂ ಇಳಿಯುತ್ತದೆ, ಎರಡನೆಯ ಖಾತೆ ಬೇಕಿಲ್ಲ.

ಅವರು ನನ್ನ ವರದಿಯನ್ನು ಮತ್ತೆ ಫೈಲಿಗೆ ಸೇರಿಸಿದರು. "ಟ್ಯಾಬ್ಲೆಟ್ ಕೊಟ್ಟ ದಾನಿಗೆ ಏನು ಹೇಳಲಿ? ರೋಗಿಗಳ ಕೈಯಲ್ಲಿ ಕೊಟ್ಟು ಫೋಟೊ ಕೂಡ ತೆಗೆಸಿದ್ದೇವೆ."

"ಜೊತೆಗೆ ಬಂದವರು ನಾಲ್ಕು ತಾಸು ಹೊರಗೆ ಬೆಂಚಿನ ಮೇಲೆ ಕೂರುತ್ತಾರಲ್ಲ, ಅವರಿಗೆ ಕೊಡೋಣ. ಇದ್ದದ್ದನ್ನು ಇದ್ದಹಾಗೆ ಹೇಳಿ ಸರ್. ಬೇಕಾದರೆ ನಾನು ಮಾತಾಡುತ್ತೇನೆ."

"ನಾನೇ ಮಾತಾಡುತ್ತೇನೆ" ಎಂದರು. ಹಾಳೆಗಳನ್ನು ಒಟ್ಟುಮಾಡುತ್ತ, "ಆ ಹೆಣ್ಣುಮಗಳು ಈಗ ಹೇಗಿದ್ದಾಳೆ?" ಎಂದು ಕೇಳಿದರು. ಒಂದು ತಿಂಗಳು ಮಾಡಿ ನೋಡಲು ಒಪ್ಪಿಗೆ ಸಿಕ್ಕಿತು.

ರೋಗಿಗಳು ಒಪ್ಪುವುದು ಅದಕ್ಕಿಂತ ಕಷ್ಟವಾಯಿತು. ತಮ್ಮದೇ ಪರದೆಯ ರುಚಿ ಹತ್ತಿದವರಿಂದ ಅದನ್ನು ಕಿತ್ತುಕೊಂಡ ಹಾಗಾಯಿತು. ಬಾಯಿ ನನ್ನೊಡನೆ ಒಂದು ವಾರ ಮಾತು ಬಿಟ್ಟರು. ಕಾಕಾ ಮಾತ್ರ, "ತಾ ಒಬ್ಬನ ನೋಡ್ಕೋತ ತಾ ಒಬ್ಬನ ನಕ್ಕರ ಹುಚ್ಚ ಅಂತಾರ ತಂಗಿ. ಇದ ಬೇಷ ಆತು" ಎಂದರು. ನಾನು ಎಲ್ಲರನ್ನೂ ಉದ್ದೇಶಿಸಿ ಆ ಗುರುವಾರ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಏನಾದರೂ ಅನ್ನಿಸಿದರೆ ಕೂಗಿ, ನಿಮಗಾಗದಿದ್ದರೆ ಪಕ್ಕದವರಿಗಾಗಿ ಕೂಗಿ ಎಂದೆ. ಎಲ್ಲರೂ ಆರನೆಯ ಹಾಸಿಗೆಯ ಕಡೆ ತಿರುಗಿದರು. ಅವಳು ಸೆರಗು ಮುಖಕ್ಕೆ ಎಳೆದುಕೊಂಡಳು.

ಅವಳ ಪಾಳಿ ಬಂದಾಗ ಅವಳು ಬೇಡವೆಂದಳು. "ನನ್ನ ಸಲುವಾಗಿ ಎಲ್ಲಾರೂ ತಿಳೀಲಾರದ ಮಾತು ಯಾಕ ಕೇಳ್ಬೇಕ್ರಿ? ಅವ್ರದ ಹಚ್ಚರಿ."

ನನಗೆ ಸಂಕಟವಾಯಿತು. ಈ ನಿರ್ಧಾರದಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವಳು ಅವಳೇ. ನಾಲ್ಕು ತಾಸು ಸಿಗುತ್ತಿದ್ದ ಕನ್ನಡ ಅರ್ಧ ತಾಸಿಗೆ ಇಳಿದಿತ್ತು, ಅದನ್ನೂ ಬಿಟ್ಟುಕೊಡುತ್ತಿದ್ದಳು. ನಾನು ಏನನ್ನಾದರೂ ಹೇಳುವ ಮೊದಲೇ ಕಾಕಾ ಬಾಯಿಹಾಕಿದರು.

"ಏ ಮಗಳ, ಪಾಳಿ ಅಂದ್ರ ಪಾಳಿ. ಹಮಾಲ್ರಾಗ ಯಾಂವಾದ್ರೂ ತನ್ನ ಪಾಳಿ ಬಿಟ್ಟಾನೇನು? ಹಚ್ಚ್ ತಂಗಿ ಅಕಿದು, ಅಕಿ ನೋಡ್ಲಿ."

ಹಚ್ಚಿದೆ. ಐದು ನಿಮಿಷದ ಮೇಲೆ ನಾಲ್ಕನೆಯ ಹಾಸಿಗೆಯವರು, ಆ ಮುದುಕಿ ಯಾಕೆ ಅಳುತ್ತಿದ್ದಾಳೆ ಎಂದು ಮರಾಠಿಯಲ್ಲಿ ಕೇಳಿದರು. ಕಾಕಾ ಉತ್ತರ ಕೊಟ್ಟರು. ಒಂದು ಸಾಲಿಗೆ ನಾಲ್ಕು ಸಾಲು ತಮ್ಮದೇ ಸೇರಿಸಿ, ಅತ್ತೆಯ ಆಸ್ತಿಗೆ ಕಣ್ಣಿಟ್ಟ ಸೊಸೆಯ ಕಥೆ ಕಟ್ಟಿ, ಅದನ್ನು ಅವಳಿಗೂ ಕನ್ನಡದಲ್ಲಿ ಹೇಳಿದರು. ಅವಳು ಸೆರಗಿನೊಳಗೇ ನಕ್ಕಳು. ಕೊನೆಗೆ ತಡೆಯಲಾರದೆ, "ಕಾಕಾ, ಹಾಂಗಲ್ರಿ, ಸೊಸಿ ಚೊಲೋಕಿ ಇದ್ದಾಳ. ಮೈದುನ ಕೆಟ್ಟಾಂವ" ಎಂದಳು. ಏನೆಂದಳು ಎಂದು ಬಾಯಿ ಕೇಳಿದರು. ಕಾಕಾ ಹೇಳಲೊಲ್ಲರು. ಬಾಯಿ ನನ್ನಿಂದ ತಿಳಿದುಕೊಂಡು, ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದ ದನಿಯಲ್ಲಿ ಕಾಕಾನನ್ನು ಸುಳ್ಳುಗಾರ ಎಂದು ಬೈದರು. ಒಂದು ವಾರ ಬಿಟ್ಟಿದ್ದ ಮಾತನ್ನು ಅವರು ನನ್ನೊಡನೆ ಮತ್ತೆ ಶುರುಮಾಡಿದ್ದು ಅಂದೇ.

ತಿಂಗಳು ಮುಗಿಯುವ ಹೊತ್ತಿಗೆ ಹಾಳೆಗಳಲ್ಲಿ 'ರೋಗಿ ಹೇಳಿದರು' ಎಂಬ ಸಾಲು ಮತ್ತೆ ಕಾಣತೊಡಗಿತು. ವ್ಯವಸ್ಥಾಪಕರು ಔರಂಗಾಬಾದ್ ಕೇಂದ್ರಕ್ಕೂ ಇದೇ ರೀತಿ ಮಾಡಿಸಿದರು. ನಾನು ಹೋಗಿ ಎರಡು ದಿನ ಇದ್ದು, ಟಿ.ವಿ. ಎಲ್ಲಿದ್ದರೆ ಎಲ್ಲ ಹಾಸಿಗೆಗೂ ಕಾಣುತ್ತದೆ ಎಂದು ನೋಡಿ ಬಂದೆ. ಅಲ್ಲಿಯ ಡಾಕ್ಟರೊಬ್ಬರು ಗದ್ದಲ ಹೆಚ್ಚಾಯಿತು ಎಂದು ದೂರಿದರಂತೆ. ನಾಶಿಕ್‌ನಲ್ಲೂ ಎಲ್ಲ ಸರಿಹೋಯಿತೆಂದಲ್ಲ. ಇಂಟರ್‌ನೆಟ್ ನಿಂತ ದಿನ ಟಿ.ವಿ. ಕಪ್ಪಗೆ ಕೂರುತ್ತಿತ್ತು. ಕ್ರಿಕೆಟ್ ಪಂದ್ಯದ ದಿನ ಪಕ್ಕದ ಚಹದಂಗಡಿಯ ಕೇಬಲ್‌ನಲ್ಲಿ ವಿಕೆಟ್ ಬಿದ್ದು ಜನ ಕೂಗಿದ ಅರ್ಧ ನಿಮಿಷದ ಮೇಲೆ ನಮ್ಮಲ್ಲಿ ಬೌಲರ್ ಓಡಿಬರುತ್ತಿದ್ದ. ಈ ವಿಷಯಕ್ಕೆ ಬೈಗುಳ ಇಂದಿಗೂ ನನಗೇ.

ದೀಪಾವಳಿಗೆ ಮುಂಚಿನ ಒಂದು ಗುರುವಾರ. ಆರನೆಯ ಹಾಸಿಗೆಯವಳ ಪಾಳಿ ನಡೆದಿತ್ತು. ಕಥೆ ಕೋರ್ಟಿಗೆ ಬಂದಿತ್ತು. ಸೊಸೆ ಸಾಕ್ಷಿಕಟ್ಟೆಯಲ್ಲಿ ನಿಂತು ಮೈದುನನ ಮುಖ ನೋಡಿ ಬಾಯಿ ತೆರೆದಿದ್ದಳು. ಎಂಟೂ ಮಂದಿ ಉಸಿರು ಹಿಡಿದಿದ್ದರು. ನಾನು ಒಂದನೆಯ ಹಾಸಿಗೆಯ ನಳಿಕೆ ಸರಿಮಾಡುತ್ತಿದ್ದೆ.

"ಅಕ್ಕಾರ! ಲಗೂನ ಬರ್ರಿ ಇಲ್ಲಿ! ಕಣ್ಣು ಮಂಜ ಆಗ್ಲಾಕತ್ತದ!"

ಆ ಕೋಣೆಯಲ್ಲಿ ಅವಳ ದನಿಯನ್ನು ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ನಾನು ತಲುಪುವಷ್ಟರಲ್ಲಿ ಬಾಯಿ ತರಗತಿಯ ದನಿಯಲ್ಲಿ ನರ್ಸನ್ನು ಕೂಗಿ ಕರೆದಿದ್ದರು, ಕಾಕಾ ರಿಮೋಟು ಒತ್ತಿ ಚಿತ್ರವನ್ನು ನಿಲ್ಲಿಸಿದ್ದರು. ಬಿ.ಪಿ. ತೊಂಬತ್ತು. ಕಾಲು ಎತ್ತಿ, ನೀರು ತೆಗೆಯುವುದನ್ನು ನಿಲ್ಲಿಸಿ, ಸ್ವಲ್ಪವೇ ಸಲೈನ್ ಬಿಟ್ಟೆ. ಡಾಕ್ಟರು ಬಂದು ನೋಡಿ, ಬೇಗ ಗೊತ್ತಾದದ್ದು ಒಳ್ಳೆಯದಾಯಿತು ಎಂದು ಹೋದರು. ಹತ್ತು ನಿಮಿಷ ಕೋಣೆಯಲ್ಲಿ ಯಂತ್ರಗಳದೊಂದೇ ಸದ್ದು. ಗೋಡೆಯ ಮೇಲೆ ಸೊಸೆ ಬಾಯಿ ತೆರೆದುಕೊಂಡೇ ನಿಂತಿದ್ದಳು.

ಮತ್ತೆ ಅಳೆದೆ. ನೂರಾಹತ್ತು. ಅವಳು ಬೆವರು ಒರೆಸಿಕೊಂಡು ನೆಟ್ಟಗೆ ಮಲಗಿದಳು.

"ಈಗ ಹ್ಯಾಂಗ ಅನಸ್ತೈತಿ ಮಗಳ?" ಎಂದರು ಕಾಕಾ. "ಚಾಲೂ ಮಾಡ್ಲೇನು?"

"ಮಾಡ್ರಿ ಕಾಕಾ" ಎಂದಳು. ಆಮೇಲೆ ಸೂಜಿ ಇಲ್ಲದ ಕೈಯನ್ನು ಎತ್ತಿ ತಡೆದಳು. "ಜರಾ ಹಿಂದಕ್ಕ ಒಯ್ರಿ. ನಾ ಒದರೋ ಗದ್ಲದಾಗ ಅಕಿ ಏನಂದ್ಲೋ, ಯಾರಿಗೂ ಕೇಳ್ಸಿಲ್ಲ."